ಹಣದ ಖಾತೆಪುಸ್ತಕ ಯಾರ ಕೈಯಲ್ಲಿ?

ಹಣವೆಂದರೇನು ಎಂಬ ಪ್ರಶ್ನೆಯನ್ನು ಸಂತೆಯ ನಡುವೆ ನಿಂತು ಕೇಳಿದವನನ್ನು ಜನರು ಬುದ್ಧಿಭ್ರಮಣೆಯಾದವನೆಂದು ತಿಳಿದಾರು. ದುಡಿದು ಗಳಿಸುವುದು, ಕೊಟ್ಟು ಕೊಳ್ಳುವುದು, ಎಣಿಸಿ ಕೂಡಿಡುವುದು, ಸಾಲದೆ ಕೊರಗುವುದು, ಇಷ್ಟೆಲ್ಲ ಬಳಕೆಯಲ್ಲಿರುವ ಪದಾರ್ಥದ ಸ್ವರೂಪವನ್ನು ಕುರಿತು ವಿಚಾರಮಾಡಲು ಯಾರಿಗೂ ಬಿಡುವಿಲ್ಲ. ಆದರೂ ಒಂದು ಕ್ಷಣ ಯೋಚಿಸಿದರೆ ಇಷ್ಟು ತಿಳಿದುಬರುವುದು: ನಮ್ಮ ಹಣದ ಬಹುಪಾಲು ಇಂದು ಲೋಹವೂ ಅಲ್ಲ, ಕಾಗದವೂ ಅಲ್ಲ, ಯಾವುದೋ ಬ್ಯಾಂಕಿನ ಗಣಕಯಂತ್ರದಲ್ಲಿ ನಮ್ಮ ಹೆಸರಿನ ಮುಂದೆ ಬರೆದಿಟ್ಟಿರುವ ಒಂದು ಸಂಖ್ಯೆ. ಅಂಗಡಿಯವನಿಗೆ ಫೋನಿನ ಮೂಲಕ ಹಣ ಸಲ್ಲಿಸಿದಾಗ ಯಾವ ವಸ್ತುವೂ ಕೈಯಿಂದ ಕೈಗೆ ಹೋಗುವುದಿಲ್ಲ. ಒಂದು ಕಡೆ ಸಂಖ್ಯೆ ತಗ್ಗುತ್ತದೆ, ಮತ್ತೊಂದು ಕಡೆ ಹೆಚ್ಚುತ್ತದೆ. ಹಣವೆಂಬುದು ಒಂದು ದೊಡ್ಡ ಖಾತೆಪುಸ್ತಕ. ಅದರ ಮೇಲೆ ಎಲ್ಲರೂ ಇರಿಸಿರುವ ನಂಬಿಕೆಯೇ ಅದರ ಬೆಲೆ.

ಹಾಗಾದರೆ ಆ ಪುಸ್ತಕವು ಯಾರ ವಶದಲ್ಲಿರತಕ್ಕದ್ದು? ಇದು ಅರ್ಥಶಾಸ್ತ್ರಜ್ಞರಿಗೆ ಮಾತ್ರ ಸಂಬಂಧಿಸಿದ ಪ್ರಶ್ನೆಯಲ್ಲ. ಹಳ್ಳಿಯ ಲೆಕ್ಕಪತ್ರಗಳೆಲ್ಲ ಶಾನುಭೋಗರ ಕೈಯಲ್ಲಿದ್ದ ಕಾಲದಲ್ಲಿ ಅವರ ಲೇಖನಿಗೆ ಜನರು ಎಷ್ಟು ಅಂಜುತ್ತಿದ್ದರೆಂಬುದನ್ನು ಹಿರಿಯರಿಂದ ಕೇಳಿ ತಿಳಿಯಬಹುದು. ಪುಸ್ತಕವನ್ನು ಹಿಡಿದವನಿಗೆ ಮೂರು ಬಗೆಯ ಅಧಿಕಾರಗಳು ತಾವಾಗಿಯೇ ಒದಗುತ್ತವೆ. ಅದರಲ್ಲಿ ಹೊಸ ಹಣವನ್ನು ಬರೆಯುವ ಅಧಿಕಾರ ಒಂದು. ಒಬ್ಬನ ಹಣ ಮತ್ತೊಬ್ಬನಿಗೆ ಹೋಗದಂತೆ ತಡೆಯುವ ಅಧಿಕಾರ ಎರಡನೆಯದು. ಯಾರು ಯಾರಿಗೆ ಏನು ಕೊಟ್ಟರೆಂಬುದನ್ನು ನೋಡುವ ಅಧಿಕಾರ ಮೂರನೆಯದು.

ಎರಡನೆಯ ಅಧಿಕಾರದ ತೂಕವನ್ನು ತಿಳಿಯಲು ಒಂದು ನಿದರ್ಶನ ಸಾಕು. 2010ರ ಡಿಸೆಂಬರ್ ತಿಂಗಳಲ್ಲಿ, ಅಮೆರಿಕದ ರಹಸ್ಯ ರಾಜತಾಂತ್ರಿಕ ಪತ್ರಗಳನ್ನು ಪ್ರಕಟಿಸುತ್ತಿದ್ದ ವಿಕಿಲೀಕ್ಸ್ ಸಂಸ್ಥೆಗೆ ಜನರು ಕಳುಹಿಸುತ್ತಿದ್ದ ದೇಣಿಗೆಯನ್ನು ವೀಸಾ, ಮಾಸ್ಟರ್‌ಕಾರ್ಡ್, ಪೇಪಾಲ್ ಮೊದಲಾದ ಸಂಸ್ಥೆಗಳು ನಿಲ್ಲಿಸಿಬಿಟ್ಟವು. ಆ ಪ್ರಕಟಣೆ ಸರಿಯೋ ತಪ್ಪೋ ಎಂಬ ವಾದಕ್ಕೆ ನಾವು ಇಲ್ಲಿ ಕೈಹಾಕುವುದಿಲ್ಲ. ಗಮನಿಸತಕ್ಕದ್ದು ಇಷ್ಟೇ: ಯಾವ ನ್ಯಾಯಾಲಯವೂ ಆ ಸಂಸ್ಥೆಗೆ ಶಿಕ್ಷೆ ವಿಧಿಸಿರಲಿಲ್ಲ, ಕೆಲವು ವ್ಯಾಪಾರ ಸಂಸ್ಥೆಗಳ ನಿರ್ಧಾರದಿಂದಲೇ ಜಗತ್ತಿನ ನಾನಾ ದೇಶಗಳ ಜನರು ತಮ್ಮ ಸ್ವಂತ ಹಣವನ್ನು ತಮಗೆ ಬೇಕಾದವರಿಗೆ ಕಳುಹಿಸಲಾರದೆ ಹೋದರು. ಇಂದು ನಮಗೆ ಆಗದವರ ಮೇಲೆ ಪ್ರಯೋಗವಾದ ಅಸ್ತ್ರ ನಾಳೆ ನಮಗೆ ಬೇಕಾದವರ ಮೇಲೂ ಪ್ರಯೋಗವಾಗಬಹುದು.

ಈ ಮೂರು ಅಧಿಕಾರಗಳನ್ನು ಕೆಲವರ ಕೈಯಿಂದ ಬಿಡಿಸಿ ಎಲ್ಲರಿಗೂ ಹಂಚಲು ಗಣಿತದಿಂದ ಸಾಧ್ಯವೆ? ಸಾಧ್ಯವೆಂದು ಗೂಢಲಿಪಿ ಶಾಸ್ತ್ರಜ್ಞರಲ್ಲಿ ಒಂದು ಪಂಗಡದವರು ನಾಲ್ಕು ದಶಕಗಳಿಂದ ಹೇಳುತ್ತ ಬಂದಿದ್ದಾರೆ. ಅವರು ಕಟ್ಟಿರುವ ಗಣಿತ ನಿಜಕ್ಕೂ ಮನೋಹರವಾದುದು, ಅಭ್ಯಾಸಯೋಗ್ಯವಾದುದು. ಆದರೆ ಅದರಿಂದ ಏನು ಸಿದ್ಧವಾಗಿದೆ, ಏನು ಸಿದ್ಧವಾಗಿಲ್ಲ ಎಂಬ ವಿವೇಚನೆಯು ಪತ್ರಿಕೆಗಳ ಗದ್ದಲದಲ್ಲಿ ಮರೆಯಾಗಿದೆ. ನಮ್ಮ ತರುಣ ವಾಚಕರ ಮುಂದೆ ಆ ವಿವೇಚನೆಯನ್ನು ಇರಿಸುವುದೇ ಈ ಲೇಖನದ ಉದ್ದೇಶ.

ಪೆನ್ಸಿಲಿನಿಂದ ಮಾಡಬಹುದಾದ ಸಹಿ

ಸಂಖ್ಯೆಯನ್ನೇ ನಾಣ್ಯವನ್ನಾಗಿ ಮಾಡಲು ಎರಡು ಅಡ್ಡಿಗಳುಂಟು. ನಾಣ್ಯವನ್ನು ಕೊಟ್ಟರೆ ಅದು ಕೊಟ್ಟವನನ್ನು ಬಿಟ್ಟು ಹೋಗುವುದು. ಸಂಖ್ಯೆಯನ್ನು ಕೊಟ್ಟರೆ ಅದು ಕೊಟ್ಟವನಲ್ಲಿಯೂ ಉಳಿಯುವುದು. ಅದೇ ಸಂಖ್ಯೆಯನ್ನು ಅವನು ಇನ್ನಿಬ್ಬರಿಗೆ ಕೊಡದಂತೆ ತಡೆಯುವುದು ಹೇಗೆ? ಇದು ಒಂದು ಅಡ್ಡಿ. ಸಂಖ್ಯೆಯನ್ನು ಕೊಟ್ಟವನು ಅದರ ನಿಜವಾದ ಒಡೆಯನೆಂದು ಗುರುತಿಸುವುದು ಹೇಗೆ? ಇದು ಮತ್ತೊಂದು. ಎರಡನೆಯದು ಮೊದಲು ಪರಿಹಾರವಾಯಿತು.

1976ರಲ್ಲಿ ಅಮೆರಿಕದ ವಿಟ್‌ಫೀಲ್ಡ್ ಡಿಫಿ ಮತ್ತು ಮಾರ್ಟಿನ್ ಹೆಲ್ಮನ್ ಎಂಬವರು ಒಂದು ನೂತನ ಭಾವನೆಯನ್ನು ಮುಂದಿಟ್ಟರು. ಅಲ್ಲಿಯವರೆಗೆ ಗುಪ್ತಭಾಷೆಯಲ್ಲಿ ಬರೆಯುವುದಕ್ಕೂ ಓದುವುದಕ್ಕೂ ಒಂದೇ ಬೀಗದಕೈ ಇರುತ್ತಿತ್ತು. ಇವರು ಒಬ್ಬನಿಗೆ ಎರಡು ಬೀಗದಕೈಗಳಿರಲಿ ಎಂದರು: ಒಂದನ್ನು ಊರಿಗೆಲ್ಲ ಸಾರಬಹುದು, ಇನ್ನೊಂದನ್ನು ಒಡೆಯನು ಮಾತ್ರ ಗುಟ್ಟಾಗಿ ಇರಿಸಿಕೊಳ್ಳಬೇಕು. ಮರುವರ್ಷವೇ ರಿವೆಸ್ಟ್, ಶಮೀರ್, ಏಡಲ್‌ಮನ್ ಎಂಬ ಮೂವರು ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ ಇದನ್ನು ಕಾರ್ಯಗತಮಾಡುವ ರೀತಿಯನ್ನು ಕಂಡುಹಿಡಿದರು. ಆ ರೀತಿಯನ್ನು ಪ್ರೌಢಶಾಲೆಯ ವಿದ್ಯಾರ್ಥಿಯೂ ಕಾಗದದ ಮೇಲೆ ಮಾಡಿ ನೋಡಬಹುದು.

3 ಮತ್ತು 11 ಎಂಬ ಎರಡು ಅವಿಭಾಜ್ಯ ಸಂಖ್ಯೆಗಳನ್ನು ಗುಣಿಸಿದರೆ 33 ಬರುವುದು. ಈ 33ನ್ನೂ, ಜೊತೆಗೆ 3 ಎಂಬ ಘಾತವನ್ನೂ ಬಹಿರಂಗವಾಗಿ ಸಾರೋಣ. 7 ಎಂಬ ಘಾತವನ್ನು ಗುಟ್ಟಾಗಿ ಇರಿಸೋಣ. ನಾವು ಸಹಿ ಮಾಡಬೇಕಾದ ಸಂದೇಶ 4 ಎಂದಿಟ್ಟುಕೊಳ್ಳಿ. ಗುಟ್ಟಿನ ಘಾತದಿಂದ 4ನ್ನು ಏಳು ಸಲ ಗುಣಿಸಿದರೆ 16,384 ಆಗುವುದು. ಅದನ್ನು 33ರಿಂದ ಭಾಗಿಸಿದರೆ ಶೇಷ 16. ಈ 16 ನಮ್ಮ ಸಹಿ. ಈಗ ಪರೀಕ್ಷಿಸುವವನು ಬಹಿರಂಗವಾದ ಘಾತದಿಂದ 16ನ್ನು ಮೂರು ಸಲ ಗುಣಿಸಲಿ: 4,096. ಅದನ್ನು 33ರಿಂದ ಭಾಗಿಸಿದರೆ ಶೇಷ 4. ಮೂಲ ಸಂದೇಶವೇ ಮರಳಿ ಬಂದಿತು! ಸಂದೇಶವನ್ನು ಯಾರಾದರೂ 5 ಎಂದು ತಿದ್ದಿದ್ದರೆ ಈ ತಾಳೆ ಕೂಡುತ್ತಿರಲಿಲ್ಲ. ಗುಟ್ಟಾದ 7ನ್ನು ಕಂಡುಹಿಡಿಯಬೇಕಾದರೆ 33ರ ಅಪವರ್ತನಗಳು ತಿಳಿದಿರಬೇಕು. 33ರಲ್ಲಿ ಅದು ಮಕ್ಕಳಾಟ. ಆದರೆ 600ಕ್ಕೂ ಮಿಕ್ಕ ಅಂಕಗಳುಳ್ಳ ಸಂಖ್ಯೆಯನ್ನು ಆರಿಸಿಕೊಂಡರೆ ಇಂದಿನ ಯಾವ ಗಣಕಯಂತ್ರಕ್ಕೂ ಎಟುಕದ ಕೆಲಸ. ದೊಡ್ಡ ಪ್ರಮಾಣದ ಕ್ವಾಂಟಂ ಗಣಕಯಂತ್ರ ಸಿದ್ಧವಾದರೆ ಈ ಬಗೆಯ ಬೀಗ ತೆರೆದೀತೆಂದು ಪೀಟರ್ ಶೋರ್ 1994ರಲ್ಲಿಯೇ ತೋರಿಸಿದ್ದಾರೆ. ಅದಕ್ಕೆ ಬೇರೆ ಬಗೆಯ ಬೀಗಗಳನ್ನು ಗಣಿತಜ್ಞರು ಸಿದ್ಧಪಡಿಸುತ್ತಿದ್ದಾರೆ. ಇಂದಿನ ಡಿಜಿಟಲ್ ನಾಣ್ಯಗಳಲ್ಲಿ ಬಳಕೆಯಲ್ಲಿರುವ ಸಹಿಯ ಗಣಿತ ಸ್ವಲ್ಪ ಬೇರೆಯಾದರೂ ತತ್ತ್ವ ಇದೇ: ಗುರುತಿನ ಚೀಟಿ ಬೇಡ, ಸಾಕ್ಷಿ ಬೇಡ, ಮೇಲಧಿಕಾರಿಯ ಮುದ್ರೆ ಬೇಡ, ಗುಟ್ಟು ಬಲ್ಲವನೇ ಒಡೆಯ.

ಇದನ್ನು ಹಣಕ್ಕೆ ಅನ್ವಯಿಸಿದವರಲ್ಲಿ ಅಗ್ರಗಣ್ಯರು ಡೇವಿಡ್ ಚಾಮ್. ಅವರು 1982ರಲ್ಲಿ ಮಂಡಿಸಿದ ಉಪಾಯವನ್ನು ಹೀಗೆ ಕಲ್ಪಿಸಿಕೊಳ್ಳಬಹುದು. ನಾವು ಒಂದು ಚೀಟಿಯ ಮೇಲೆ ಸಂಖ್ಯೆಯನ್ನು ಬರೆದು, ಕಾರ್ಬನ್ ಕಾಗದದೊಡನೆ ಲಕೋಟೆಯಲ್ಲಿಟ್ಟು ಬ್ಯಾಂಕಿಗೆ ಕೊಡುತ್ತೇವೆ. ಬ್ಯಾಂಕು ಲಕೋಟೆಯನ್ನು ತೆರೆಯದೆ ಅದರ ಮೇಲೆ ಸಹಿ ಮಾಡುತ್ತದೆ. ಸಹಿಯು ಒಳಗಿನ ಚೀಟಿಯ ಮೇಲೆ ಮೂಡುತ್ತದೆ. ಮುಂದೆ ಆ ಚೀಟಿ ಅಂಗಡಿಯಿಂದ ಮರಳಿ ಬಂದಾಗ ಬ್ಯಾಂಕು ತನ್ನ ಸಹಿಯನ್ನು ಗುರುತಿಸಬಲ್ಲುದು. ಅದನ್ನು ಕೊಂಡೊಯ್ದವರು ಯಾರೆಂದು ಹೇಳಲಾರದು. ಹೀಗೆ ‘ನೋಡುವ’ ಅಧಿಕಾರವನ್ನು ಚಾಮ್ ಗಣಿತದಿಂದ ಕಿತ್ತುಹಾಕಿದರು. ಆದರೆ ಒಂದೇ ಚೀಟಿ ಎರಡು ಸಲ ಖರ್ಚಾಗದಂತೆ ನೋಡಿಕೊಳ್ಳಲು ಬ್ಯಾಂಕಿನ ಪುಸ್ತಕ ಬೇಕೇ ಬೇಕಾಗಿತ್ತು. ಅವರು ಆಮ್‌ಸ್ಟರ್‌ಡ್ಯಾಮಿನಲ್ಲಿ ಸ್ಥಾಪಿಸಿದ ಡಿಜಿಕ್ಯಾಶ್ ಎಂಬ ಸಂಸ್ಥೆ 1998ರಲ್ಲಿ ದಿವಾಳಿಯೆದ್ದಿತು. ಪುಸ್ತಕವು ಒಂದೇ ಕಡೆ ಇದ್ದುದರಿಂದ, ಆ ಒಂದು ಕಡೆ ಬಿದ್ದೊಡನೆ ನಾಣ್ಯವೂ ಬಿದ್ದಿತು.

ಎಲ್ಲರ ಕೈಯಲ್ಲೂ ಒಂದೊಂದು ಪ್ರತಿ

2008ರ ಅಕ್ಟೋಬರ್ 31ರಂದು ಸತೋಷಿ ನಾಕಾಮೋಟೋ ಎಂಬ ಹೆಸರಿನಿಂದ ಒಂಬತ್ತು ಪುಟಗಳ ಪ್ರಬಂಧವೊಂದು ಹೊರಬಂದಿತು. ಆ ಹೆಸರಿನ ಹಿಂದೆ ಇರುವ ವ್ಯಕ್ತಿ ಅಥವಾ ವ್ಯಕ್ತಿಗಳು ಯಾರೆಂಬುದು ಇಂದಿಗೂ ಖಚಿತವಾಗಿಲ್ಲ. ಅಮೆರಿಕದ ದೊಡ್ಡ ದೊಡ್ಡ ಹಣಕಾಸು ಸಂಸ್ಥೆಗಳು ಕುಸಿಯುತ್ತಿದ್ದ ತಿಂಗಳುಗಳವು. ಪ್ರಬಂಧದ ಸೂಚನೆಯು ಸರಳವಾಗಿತ್ತು: ಪುಸ್ತಕವನ್ನು ಒಬ್ಬನಲ್ಲಿ ಇರಿಸುವುದೇ ತೊಂದರೆಗೆ ಮೂಲವಾದರೆ, ಎಲ್ಲರಲ್ಲೂ ಒಂದೊಂದು ಪ್ರತಿಯಿರಲಿ. 2009ರ ಜನವರಿ 3ರಂದು ಆ ಪುಸ್ತಕದ ಮೊದಲ ಪುಟ ಬರೆಯಲ್ಪಟ್ಟಿತು. ಅದೇ ಬಿಟ್‌ಕಾಯಿನ್.

ಪ್ರತಿಗಳು ಸಾವಿರಾರು ಆದಾಗ ಒಂದಕ್ಕೊಂದು ತಾಳೆಯಾಗುವುದು ಹೇಗೆ? ಮುಂದಿನ ಪುಟವನ್ನು ಬರೆಯತಕ್ಕವರು ಯಾರು? ಮತದಾನ ಮಾಡಿಸೋಣವೆಂದರೆ, ಇಂಟರ್‌ನೆಟ್ಟಿನಲ್ಲಿ ಒಬ್ಬನೇ ಸಾವಿರ ಹೆಸರುಗಳನ್ನಿಟ್ಟುಕೊಂಡು ಸಾವಿರ ಮತ ಹಾಕಬಹುದು. ಇದಕ್ಕೆ ನಾಕಾಮೋಟೋ ಸೂಚಿಸಿದ ಪರಿಹಾರವು ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ಪ್ರಿಯವಾಗತಕ್ಕದ್ದು: ಹೆಸರನ್ನು ಎಣಿಸಬೇಡಿ, ವ್ಯಯವಾದ ಶಕ್ತಿಯನ್ನು ಎಣಿಸಿರಿ.

ಯಾವುದೇ ಬರಹಕ್ಕೆ ಬೆರಳಚ್ಚಿನಂತೆ ಒಂದು ಸಂಖ್ಯೆಯನ್ನು ಕೊಡುವ ಗಣಿತಕ್ರಮವುಂಟು. ಅದನ್ನು ಹ್ಯಾಶ್ ಎನ್ನುವರು. ಬಿಟ್‌ಕಾಯಿನ್ನಿನಲ್ಲಿ ಈ ಬೆರಳಚ್ಚು 78 ಅಂಕಗಳವರೆಗೆ ಉದ್ದವಾಗಿರಬಲ್ಲ ಸಂಖ್ಯೆ. ಬರಹದಲ್ಲಿ ಒಂದು ಅಕ್ಷರ ಬದಲಾದರೂ ಬೆರಳಚ್ಚು ಗುರುತು ಸಿಗದಂತೆ ಮಾರ್ಪಡುವುದು. ಪುಟ ಬರೆಯಬಯಸುವವನು ಪುಟದ ಕೊನೆಯಲ್ಲಿ ಯಾವುದಾದರೊಂದು ಸಂಖ್ಯೆಯನ್ನು ಸೇರಿಸಿ, ಇಡೀ ಪುಟದ ಬೆರಳಚ್ಚು ಗೊತ್ತಾದ ಒಂದು ಮಿತಿಗಿಂತ ಚಿಕ್ಕದಾಗುವಂತೆ ಮಾಡಬೇಕು. ಇದಕ್ಕೆ ಬುದ್ಧಿವಂತಿಕೆಯ ದಾರಿಯಿಲ್ಲ. ಪಗಡೆಯ ದಾಳವನ್ನು ಮತ್ತೆ ಮತ್ತೆ ಉರುಳಿಸಿದಂತೆ ಸಂಖ್ಯೆಗಳನ್ನು ಒಂದಾದ ಮೇಲೊಂದು ಪರೀಕ್ಷಿಸುತ್ತ ಹೋಗಬೇಕು. ಹುಡುಕುವುದು ಪ್ರಯಾಸ, ಸಿಕ್ಕಿದುದನ್ನು ಪರೀಕ್ಷಿಸುವುದು ಕ್ಷಣದ ಕೆಲಸ. ಪ್ರತಿ ಪುಟದಲ್ಲೂ ಹಿಂದಿನ ಪುಟದ ಬೆರಳಚ್ಚು ಇರುವುದರಿಂದ ಹಳೆಯ ಪುಟವೊಂದನ್ನು ತಿದ್ದಬೇಕಾದರೆ ಅದರ ಮುಂದಿನ ಎಲ್ಲ ಪುಟಗಳಿಗೂ ಮತ್ತೆ ದಾಳ ಉರುಳಿಸಬೇಕಾಗುವುದು. ಸರಾಸರಿ ಹತ್ತು ನಿಮಿಷಕ್ಕೊಂದು ಪುಟ. ಪುಟಗಳು ಬೇಗ ಬರತೊಡಗಿದರೆ ಅಥವಾ ತಡವಾದರೆ, 2,016 ಪುಟಗಳಿಗೊಮ್ಮೆ ಮಿತಿಯು ತಾನೇ ಸರಿಹೊಂದುವುದು.

ಪುಟ ಬರೆದವನಿಗೆ ಸಂಭಾವನೆಯುಂಟು. ಮೊದಲು ಅದು ಪುಟಕ್ಕೆ 50 ನಾಣ್ಯ; 2,10,000 ಪುಟಗಳಿಗೊಮ್ಮೆ ಅರ್ಧವಾಗುತ್ತ 2024ರ ಏಪ್ರಿಲಿನಲ್ಲಿ 3.125ಕ್ಕೆ ಇಳಿಯಿತು. ಈ ಗುಣೋತ್ತರ ಶ್ರೇಢಿಯ ಮೊತ್ತವನ್ನು ವಾಚಕರು ಲೆಕ್ಕಹಾಕಿ ನೋಡಲಿ: 2 ಕೋಟಿ 10 ಲಕ್ಷವನ್ನು ಅದು ಎಂದಿಗೂ ಮೀರಲಾರದು. ಹಣ ‘ಬರೆಯುವ’ ಅಧಿಕಾರವನ್ನು ಮಂತ್ರಿಗೂ ಕೊಡದೆ, ಬ್ಯಾಂಕಿಗೂ ಕೊಡದೆ, ಒಂದು ಶ್ರೇಢಿಗೆ ಕೊಟ್ಟಿದ್ದಾರೆ!

ಈ ವ್ಯವಸ್ಥೆಗೆ ಸಲ್ಲಬೇಕಾದ ಗೌರವವನ್ನು ಸಲ್ಲಿಸೋಣ. ಅದರ ಸಹಿಯ ಗಣಿತವನ್ನೇ ಭೇದಿಸಿ ಯಾರೂ ಹಣ ಕದ್ದ ನಿದರ್ಶನವಿಲ್ಲ. 2021ರಲ್ಲಿ ಚೀನಾ ಸರ್ಕಾರವು ತನ್ನ ದೇಶದಲ್ಲಿ ಈ ಗಣಿಗಾರಿಕೆಯನ್ನು ನಿಷೇಧಿಸಿದಾಗ, ಅಂದಿನ ದಾಳಕೋರ ಯಂತ್ರಗಳಲ್ಲಿ ಬಹಳ ದೊಡ್ಡ ಭಾಗ ಒಮ್ಮೆಗೇ ನಿಂತುಹೋಯಿತು. ಮಿತಿಯು ಜುಲೈ ತಿಂಗಳ ಮೊದಲಲ್ಲಿ ಶೇಕಡಾ 28ರಷ್ಟು ಸಡಿಲವಾಯಿತು. ಪುಸ್ತಕದ ಬರವಣಿಗೆ ನಿಲ್ಲಲಿಲ್ಲ. 2011ರಲ್ಲಿ, ದೇಣಿಗೆಯ ದಾರಿ ಮುಚ್ಚಿಹೋಗಿದ್ದ ವಿಕಿಲೀಕ್ಸ್ ಸಂಸ್ಥೆಯು ಬಿಟ್‌ಕಾಯಿನ್ ಮೂಲಕ ದೇಣಿಗೆ ಪಡೆಯತೊಡಗಿತು. ಯಾರ ಅಪ್ಪಣೆಯನ್ನೂ ಬೇಡದೆ ಒಬ್ಬನು ಇನ್ನೊಬ್ಬನಿಗೆ ದೂರದಿಂದ ಹಣ ಸಲ್ಲಿಸಬಹುದೆಂಬುದು ಕೇವಲ ಕಲ್ಪನೆಯಲ್ಲವೆಂದು ಹೀಗೆ ಸಿದ್ಧವಾಯಿತು.

ದತ್ತವೋ, ಸಾಧನೀಯವೋ?

ಇಷ್ಟರಿಂದ ಆರ್ಥಿಕ ಅಧಿಕಾರ ಚದುರಿಹೋಯಿತೆಂದು ಹೇಳಬಹುದೆ? ಇಲ್ಲಿಯೇ ನಾವು ನಿಂತು ಯೋಚಿಸಬೇಕು. ರೇಖಾಗಣಿತವನ್ನು ಕಲಿಯುವಾಗ ಪ್ರತಿಯೊಂದು ಪ್ರಮೇಯಕ್ಕೂ ‘ದತ್ತ’ ಇಷ್ಟು, ‘ಸಾಧನೀಯ’ ಇಷ್ಟು ಎಂದು ಮೊದಲೇ ಬರೆದುಕೊಳ್ಳುವುದು ರೂಢಿ. ದತ್ತವಾದುದನ್ನು ಸಾಧಿಸಿದೆವೆಂದು ಹೇಳುವ ಹುಡುಗನಿಗೆ ಉಪಾಧ್ಯಾಯರು ಅಂಕ ಕೊಡುವುದಿಲ್ಲ. ನಾಕಾಮೋಟೋ ಪ್ರಬಂಧವನ್ನು ಈ ರೂಢಿಯಂತೆ ಓದಿದರೆ ಒಂದು ಮುಖ್ಯವಾದ ಸಂಗತಿ ಕಾಣುವುದು.

ಹಳೆಯ ಪುಟವೊಂದನ್ನು ತಿದ್ದಲು ಹೊರಟ ವಂಚಕನು ಗೆಲ್ಲುವ ಸಂಭವನೀಯತೆಯನ್ನು ಆ ಪ್ರಬಂಧದಲ್ಲಿಯೇ ಲೆಕ್ಕಹಾಕಿದೆ. ಒಟ್ಟು ಗಣನಶಕ್ತಿಯಲ್ಲಿ ವಂಚಕನ ಪಾಲು ಶೇಕಡಾ 10 ಇದ್ದು, ಆ ಪುಟದ ಮೇಲೆ ಆರು ಪುಟಗಳಾಗಿದ್ದರೆ ಅವನು ಗೆಲ್ಲುವ ಸಂಭವನೀಯತೆ 0.0002428, ಎಂದರೆ ಸುಮಾರು 4,000ಕ್ಕೆ ಒಂದು. ಅವನ ಪಾಲು ಶೇಕಡಾ 30 ಆದರೆ, ಹತ್ತು ಪುಟಗಳಾದ ಮೇಲೂ ಅದು 0.0416605, ಎಂದರೆ 24ಕ್ಕೆ ಒಂದು. ಪಾಲು ಅರ್ಧವನ್ನು ಮೀರಿದರೋ, ಅವನು ಗೆಲ್ಲುವುದು ನಿಶ್ಚಯ. ಆಗಲೂ ಇತರರ ಸಹಿಯನ್ನು ಅವನು ಹಾಕಲಾರನು, ಇತರರ ನಾಣ್ಯವನ್ನು ಎತ್ತಿಕೊಳ್ಳಲಾರನು. ಆದರೆ ತಾನು ಕೊಟ್ಟುದನ್ನು ಹಿಂತೆಗೆದುಕೊಳ್ಳಬಲ್ಲನು, ತನಗಾಗದವರ ವ್ಯವಹಾರ ಪುಟಕ್ಕೆ ಏರದಂತೆ ‘ತಡೆಯ’ಬಲ್ಲನು.

ಇದರ ಅರ್ಥವೇನು? ಗಣನಶಕ್ತಿಯ ಅರ್ಧಕ್ಕಿಂತ ಹೆಚ್ಚು ಭಾಗ ಒಂದೇ ಕೈಯಲ್ಲಿಲ್ಲದಿದ್ದರೆ ಪುಸ್ತಕವು ಭದ್ರ ಎಂಬುದು ಪ್ರಮೇಯ. ಅಧಿಕಾರವು ಚದುರಿರುವುದು ಇಲ್ಲಿ ಸಾಧನೀಯವಲ್ಲ, ದತ್ತ! ಗಣಿತವು ಅದನ್ನು ಉತ್ಪಾದಿಸುವುದಿಲ್ಲ. ಅದು ಹೊರಗಿನಿಂದ ಒದಗಬೇಕೆಂದು ಕೇಳುತ್ತದೆ. ಡಿಜಿಟಲ್ ನಾಣ್ಯಗಳು ಆರ್ಥಿಕ ಅಧಿಕಾರವನ್ನು ತಾವಾಗಿಯೇ ವಿಕೇಂದ್ರೀಕರಿಸುತ್ತವೆಂದು ಸಾರುವವರು ಪ್ರಮೇಯವನ್ನು ತಲೆಕೆಳಗಾಗಿ ಓದಿದ್ದಾರೆಂದು ನಮ್ಮ ಅಭಿಪ್ರಾಯ.

ಆ ದತ್ತವು ತಾನಾಗಿ ಒದಗಲಿಲ್ಲವೆಂಬುದಕ್ಕೆ ಇತಿಹಾಸವೇ ಸಾಕ್ಷಿ. ಆರಂಭದಲ್ಲಿ ಮನೆಯ ಗಣಕಯಂತ್ರದಲ್ಲಿಯೇ ದಾಳ ಉರುಳಿಸಬಹುದಾಗಿತ್ತು. ಕೆಲವೇ ವರ್ಷಗಳಲ್ಲಿ ಈ ಒಂದೇ ಕೆಲಸಕ್ಕಾಗಿ ನಿರ್ಮಿಸಿದ ಯಂತ್ರಗಳು ಬಂದವು. ವಿದ್ಯುಚ್ಛಕ್ತಿ ಅಗ್ಗವಾಗಿರುವಲ್ಲಿ ಅವುಗಳನ್ನು ಸಾಲುಸಾಲಾಗಿ ಹೂಡಬಲ್ಲ ಬಂಡವಾಳಗಾರರಿಗೆ ಮೇಲುಗೈ ಆಯಿತು. ಇದು ಯಾರ ಪಿತೂರಿಯೂ ಅಲ್ಲ. ಸಂಭವನೀಯತೆಯ ನಿಯಮವೇ ಜನರನ್ನು ಗುಂಪುಗೂಡಿಸುತ್ತದೆ. ಒಬ್ಬನ ಪಾಲು ಒಟ್ಟು ಗಣನಶಕ್ತಿಯ ಹತ್ತು ಲಕ್ಷದಲ್ಲಿ ಒಂದಂಶ ಎಂದಿಟ್ಟುಕೊಳ್ಳಿ. ಹತ್ತು ನಿಮಿಷಕ್ಕೊಂದು ಪುಟವಾದರೆ ಅವನ ಸರದಿಗಾಗಿ ಸರಾಸರಿ ಒಂದು ಕೋಟಿ ನಿಮಿಷ, ಎಂದರೆ 19 ವರ್ಷ ಕಾಯಬೇಕು. ಅಷ್ಟು ಕಾಲ ವಿದ್ಯುಚ್ಛಕ್ತಿಯ ಬಿಲ್ಲನ್ನು ಕಟ್ಟುತ್ತ ಕುಳಿತಿರುವ ಸಂಸಾರಸ್ಥನು ಯಾರು? ಆದುದರಿಂದ ಸಾವಿರಾರು ಜನ ಒಂದು ಕೂಟಕ್ಕೆ ಸೇರಿ, ಬಂದ ಸಂಭಾವನೆಯನ್ನು ಹಂಚಿಕೊಳ್ಳುತ್ತಾರೆ. ಪುಟದಲ್ಲಿ ಏನು ಬರೆಯಬೇಕೆಂಬ ನಿರ್ಧಾರವು ಸಾಮಾನ್ಯವಾಗಿ ಕೂಟದ ವ್ಯವಸ್ಥಾಪಕನಿಗೆ ಸೇರುತ್ತದೆ. 2014ರ ಜೂನ್ ತಿಂಗಳಲ್ಲಿ ಜಿಹ್ಯಾಶ್ ಎಂಬ ಕೂಟವೊಂದರ ಪಾಲು ಅರ್ಧವನ್ನು ಮುಟ್ಟಿತು. ಗಾಬರಿಗೊಂಡ ಕೆಲವರು ಕೂಟವನ್ನು ಬಿಟ್ಟರು. ಇನ್ನು ಮುಂದೆ ಶೇಕಡಾ 40ನ್ನು ಮೀರದಂತೆ ನೋಡಿಕೊಳ್ಳುವೆವೆಂದು ಕೂಟವೇ ಮಾತು ಕೊಟ್ಟಿತು. ಯಾರನ್ನೂ ನಂಬಬೇಕಾಗಿಲ್ಲವೆಂಬ ಹೆಮ್ಮೆಯ ವ್ಯವಸ್ಥೆಯು ಅಂದು ಒಂದು ಸಂಸ್ಥೆಯ ಮಾತನ್ನು ನಂಬಿ ಉಸಿರುಬಿಟ್ಟಿತು.

ಹಿತ್ತಲ ಬಾಗಿಲಿನಿಂದ ಬಂದ ಯಜಮಾನರು

ಪುಸ್ತಕವು ಭದ್ರವಾಗಿದ್ದರೂ ಅಧಿಕಾರವು ಪುಸ್ತಕದ ಹೊರಗೆ ಕೂಡಿಕೊಳ್ಳಬಹುದು. ಗುಟ್ಟಿನ ಬೀಗದಕೈ ಕಳೆದುಹೋದರೆ ಈ ವ್ಯವಸ್ಥೆಯಲ್ಲಿ ದೂರು ಕೇಳುವ ಕಚೇರಿಯಿಲ್ಲ, ಹಣ ಹೋದಂತೆಯೇ. ಈ ಭಯದಿಂದಲೂ, ಕೊಂಡು ಮಾರುವ ಅನುಕೂಲದಿಂದಲೂ, ಬಹುಮಂದಿ ತಮ್ಮ ಬೀಗದಕೈಯನ್ನು ವಿನಿಮಯ ಸಂಸ್ಥೆಗಳಿಗೆ ಒಪ್ಪಿಸಿ ನಿಶ್ಚಿಂತರಾಗುತ್ತಾರೆ. ಹಾಗೆ ಒಪ್ಪಿಸಿದ ಮೇಲೆ ಆ ಸಂಸ್ಥೆಯೇ ಬ್ಯಾಂಕು. ಭೇದವಿಷ್ಟೇ, ಬ್ಯಾಂಕಿಗೆ ಲೆಕ್ಕತನಿಖೆಯವರಿದ್ದಾರೆ. ಟೋಕಿಯೋದ ಮೌಂಟ್ ಗಾಕ್ಸ್ ಎಂಬ ಸಂಸ್ಥೆಯು 2014ರಲ್ಲಿ ದಿವಾಳಿಯಾದಾಗ ಸುಮಾರು ಎಂಟೂವರೆ ಲಕ್ಷ ಬಿಟ್‌ಕಾಯಿನ್ನುಗಳು ಕಾಣೆಯಾಗಿದ್ದವು. ಮುಂದೆ ಎರಡು ಲಕ್ಷ ಮಾತ್ರ ಸಿಕ್ಕಿದವು. ಬಹಾಮಾಸ್ ದ್ವೀಪಗಳಲ್ಲಿ ಕಚೇರಿಯಿದ್ದ ಎಫ್‌ಟಿಎಕ್ಸ್ 2022ರ ನವೆಂಬರಿನಲ್ಲಿ ಕುಸಿದಾಗ ಗಿರಾಕಿಗಳ ಸುಮಾರು 800 ಕೋಟಿ ಡಾಲರುಗಳಿಗೆ ಲೆಕ್ಕ ಸಿಗಲಿಲ್ಲ. ಅದರ ಸ್ಥಾಪಕನಿಗೆ 2024ರಲ್ಲಿ 25 ವರ್ಷಗಳ ಸೆರೆವಾಸ ವಿಧಿಸಲಾಯಿತು. ಇವೆರಡರಲ್ಲಿಯೂ ಗಣಿತವು ಸೋಲಲಿಲ್ಲ. ಗಣಿತವು ಕೊಟ್ಟ ಸ್ವಾತಂತ್ರ್ಯವನ್ನು ಜನರು ಬಾಗಿಲಲ್ಲಿಯೇ ಅಡವಿಟ್ಟಿದ್ದರು.

ಡಾಲರಿನೊಡನೆ ಬೆಲೆಯನ್ನು ಕಟ್ಟಿಕೊಂಡಿರುವ ‘ಸ್ಥಿರ ನಾಣ್ಯ’ಗಳ ವಿಷಯ ಇನ್ನೂ ವಿಶದವಾಗಿದೆ. ಇವು ಹಂಚಿದ ಪುಸ್ತಕದ ಮೇಲೆಯೇ ಓಡಾಡುತ್ತವೆ. ಆದರೆ ಇವುಗಳನ್ನು ಹೊರಡಿಸುವುದು ಒಂದು ಕಂಪೆನಿ. 2022ರ ಆಗಸ್ಟಿನಲ್ಲಿ ಅಮೆರಿಕ ಸರ್ಕಾರವು ಟೊರ್ನೇಡೊ ಕ್ಯಾಶ್ ಎಂಬ ವ್ಯವಸ್ಥೆಯ ಮೇಲೆ ನಿರ್ಬಂಧ ಹೇರಿದೊಡನೆ, ಸರ್ಕಲ್ ಎಂಬ ಕಂಪೆನಿಯು ಅದಕ್ಕೆ ಸಂಬಂಧಿಸಿದ ವಿಳಾಸಗಳಲ್ಲಿದ್ದ ತನ್ನ ನಾಣ್ಯಗಳನ್ನು ಚಲಿಸದಂತೆ ಸ್ತಂಭನಗೊಳಿಸಿತು. ‘ತಡೆಯುವ’ ಅಧಿಕಾರವು ಎಲ್ಲಿಯೂ ಹೋಗಿರಲಿಲ್ಲ.

‘ನೋಡುವ’ ಅಧಿಕಾರದ ಗತಿಯೇನಾಯಿತು? ಬಿಟ್‌ಕಾಯಿನ್ನಿನ ಪುಸ್ತಕ ಬಹಿರಂಗವಾದುದರಿಂದ ಪ್ರತಿಯೊಂದು ವ್ಯವಹಾರವನ್ನೂ ಯಾರು ಬೇಕಾದರೂ ಓದಬಹುದು. ಹೆಸರಿನ ಬದಲು ಸಂಕೇತವಿದ್ದರೂ, ಒಮ್ಮೆ ಆ ಸಂಕೇತದ ಒಡೆಯನು ಯಾರೆಂದು ಗೊತ್ತಾದರೆ ಅವನ ಹಿಂದಿನ ಲೇವಾದೇವಿಯೆಲ್ಲ ಬಯಲಾಗುವುದು. ಈ ಒಂದು ವಿಷಯದಲ್ಲಿ 1982ರ ಚಾಮ್ ಅವರ ಲಕೋಟೆಯೇ ಮೇಲಾಗಿತ್ತು. ಗಣನಶಕ್ತಿಯ ಅಪವ್ಯಯವನ್ನು ತಪ್ಪಿಸಲೆಂದು ಇಥೀರಿಯಮ್ ಎಂಬ ಮತ್ತೊಂದು ವ್ಯವಸ್ಥೆಯು 2022ರ ಸೆಪ್ಟೆಂಬರಿನಲ್ಲಿ ದಾಳದ ಆಟವನ್ನೇ ಕೈಬಿಟ್ಟು, ಒತ್ತೆಯಿಟ್ಟ ನಾಣ್ಯಕ್ಕೆ ಅನುಗುಣವಾಗಿ ಪುಟ ಬರೆಯುವ ಸರದಿಯನ್ನು ಕೊಟ್ಟಿತು. ಅದರಿಂದ ವಿದ್ಯುಚ್ಛಕ್ತಿಯ ಬಳಕೆ ಶೇಕಡಾ 99ಕ್ಕಿಂತ ಹೆಚ್ಚು ತಗ್ಗಿದುದು ಶ್ಲಾಘ್ಯ. ಆದರೆ ಹಣವಿದ್ದವನಿಗೆ ಲೇಖನಿ ಎಂಬ ಹಳೆಯ ನ್ಯಾಯವೇ ಅಲ್ಲಿ ಹೊಸ ವೇಷದಲ್ಲಿ ಬಂದಿದೆ.

ನಮ್ಮ ದೇಶದಲ್ಲಿ

ನಮ್ಮ ದೇಶದ ಸಂಗತಿ ಏನು? ಇಂತಹ ನಾಣ್ಯಗಳ ವ್ಯಾಪಾರಿಗಳಿಗೆ ಬ್ಯಾಂಕುಗಳು ಸೇವೆ ಒದಗಿಸಬಾರದೆಂದು ರಿಸರ್ವ್ ಬ್ಯಾಂಕು 2018ರ ಏಪ್ರಿಲಿನಲ್ಲಿ ವಿಧಿಸಿತು; 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟು ಆ ಆಜ್ಞೆಯನ್ನು ರದ್ದುಗೊಳಿಸಿತು; 2022ರ ಆಯವ್ಯಯದಲ್ಲಿ ಇವುಗಳಿಂದ ಬಂದ ಲಾಭದ ಮೇಲೆ ಶೇಕಡಾ 30 ತೆರಿಗೆ ಬಂದಿತು. ಇಷ್ಟರ ನಡುವೆ ಜನಸಾಮಾನ್ಯರ ಹಣದ ರೂಪವನ್ನು ನಿಜವಾಗಿ ಬದಲಾಯಿಸಿದುದು ಬೇರೊಂದು: 2016ರಲ್ಲಿ ಆರಂಭವಾದ ಯುಪಿಐ. 2024ರ ಡಿಸೆಂಬರ್ ತಿಂಗಳೊಂದರಲ್ಲಿಯೇ ಅದರ ಮೂಲಕ 1,600 ಕೋಟಿಗೂ ಮಿಕ್ಕ ವ್ಯವಹಾರಗಳು ನಡೆದವು. ಎಂದರೆ ಸೆಕೆಂಡಿಗೆ ಸರಾಸರಿ ಆರು ಸಾವಿರ. ಬಿಟ್‌ಕಾಯಿನ್ನಿನ ಮೂಲಪುಸ್ತಕಕ್ಕೆ ಸೆಕೆಂಡಿಗೆ ಏಳೆಂಟು ವ್ಯವಹಾರಗಳೇ ಭಾರ. ಹೂವು ಮಾರುವವಳಿಗೂ ಸಗಟು ವ್ಯಾಪಾರಿಗೂ ಒಂದೇ ಬಗೆಯ ಅನುಕೂಲ ದೊರೆತುದು ಸಣ್ಣ ಸಾಧನೆಯಲ್ಲ. ಆದರೆ ಬಳಸುವವರು ಕೋಟ್ಯಂತರ ಎಂದ ಮಾತ್ರಕ್ಕೆ ಅಧಿಕಾರ ಚದುರಿತೆನ್ನಲಾಗದು. ಕೆರೆಯ ನೀರು ಊರಿಗೆಲ್ಲ ಹರಿದರೂ ತೂಬಿನ ಕೀಲಿ ಒಬ್ಬನ ಕೈಯಲ್ಲಿರಬಹುದು.

ರಿಸರ್ವ್ ಬ್ಯಾಂಕು 2022ರ ಡಿಸೆಂಬರ್ 1ರಿಂದ ಜನಸಾಮಾನ್ಯರಿಗಾಗಿ ಡಿಜಿಟಲ್ ರೂಪಾಯಿಯ ಪ್ರಯೋಗವನ್ನು ಆರಂಭಿಸಿತು. ಮೊದಲು ಆರಿಸಿಕೊಂಡ ನಾಲ್ಕು ನಗರಗಳಲ್ಲಿ ಬೆಂಗಳೂರೂ ಒಂದು. ಇದೂ ಡಿಜಿಟಲ್ ಹಣವೇ. ಆದರೆ ಇದನ್ನು ಹೊರಡಿಸುವುದು ಕೇಂದ್ರ ಬ್ಯಾಂಕು. ಹೆಸರಿನ ಸಾಮ್ಯದಿಂದ ಎರಡನ್ನೂ ಒಂದೆಂದು ತಿಳಿಯಬಾರದು. ಅಂತೆಯೇ, ಕೇಂದ್ರೀಕೃತವಾದುದರಿಂದಲೇ ಅದು ಕೆಟ್ಟುದೆಂದೂ ತಿಳಿಯಬಾರದು.

ಕೇಂದ್ರವಿರುವುದರಿಂದ ಆಗುವ ಹಿತವನ್ನು ನಾವು ಮರೆಯುವಂತಿಲ್ಲ. ಮೋಸದ ಕರೆಗೆ ಬಲಿಯಾಗಿ ಹಣ ಕಳೆದುಕೊಂಡ ವೃದ್ಧರೊಬ್ಬರು ಕೂಡಲೇ ದೂರು ಕೊಟ್ಟರೆ ಬ್ಯಾಂಕು ಆ ಹಣವನ್ನು ದಾರಿಯಲ್ಲಿ ತಡೆಯುವ ಸಂಭವವುಂಟು. ತಡೆಯಬಲ್ಲವರೇ ಇಲ್ಲದ ಪುಸ್ತಕದಲ್ಲಿ ಕಳ್ಳನಿಗೂ ತಡೆಯಿಲ್ಲ. ಬರಗಾಲದಲ್ಲಿ, ಯುದ್ಧದಲ್ಲಿ, ನಿರುದ್ಯೋಗದಲ್ಲಿ ಹಣದ ಪ್ರಮಾಣವನ್ನು ಹೆಚ್ಚುಕಡಮೆ ಮಾಡುವ ಹೊಣೆ ಯಾರಿಗಾದರೂ ಇರಬೇಕಾಗುವುದು. ಗುಣೋತ್ತರ ಶ್ರೇಢಿಗೆ ಕನಿಕರವಿಲ್ಲ. ಆದುದರಿಂದ ಎಲ್ಲ ಅಧಿಕಾರವನ್ನೂ ಎಲ್ಲೆಡೆಯೂ ಚದುರಿಸಿಬಿಡಬೇಕೆಂಬ ವಾದವನ್ನು ನಾವು ಒಪ್ಪಲಾರೆವು.

ನಮ್ಮ ಮಾತು ಇಷ್ಟೇ. 1976ಕ್ಕೆ ಮೊದಲು, ದೂರದಿಂದ ಹಣ ಸಲ್ಲಿಸಬೇಕಾದರೆ ಮಧ್ಯಸ್ಥರನ್ನು ನಂಬದೆ ಗತ್ಯಂತರವಿರಲಿಲ್ಲ. ಇಂದು ಗತ್ಯಂತರವುಂಟು. ಬರೆಯುವ, ತಡೆಯುವ, ನೋಡುವ ಅಧಿಕಾರಗಳು ಒಂದೇ ಗಂಟಾಗಿ ಒಬ್ಬನ ಕೈಯಲ್ಲಿಯೇ ಇರಬೇಕಾಗಿಲ್ಲ. ಅವುಗಳನ್ನು ಬಿಡಿಸಿ ಬೇರೆ ಬೇರೆ ಕಡೆ ಇಡಬಹುದೆಂದು ಗಣಿತವು ತೋರಿಸಿದೆ. ಸರ್ಕಾರವೇ ಹೊರಡಿಸಿದ ಡಿಜಿಟಲ್ ನಾಣ್ಯದಲ್ಲಿಯೂ ಸಣ್ಣ ಮೊತ್ತದ ವ್ಯವಹಾರವನ್ನು ಲಕೋಟೆಯೊಳಗೆ ಇರಿಸಬಹುದು. ಹಾಗೆ ಇರಿಸಬೇಕೆ ಬೇಡವೆ ಎಂಬುದು ಇನ್ನು ತಾಂತ್ರಿಕರ ಪ್ರಶ್ನೆಯಲ್ಲ, ಪೌರರ ಪ್ರಶ್ನೆ. ತಾಂತ್ರಿಕವಾಗಿ ಅಸಾಧ್ಯವೆಂಬ ನೆಪವನ್ನು ಯಾರಾದರೂ ಹೇಳಿದರೆ, ಅದು ನೆಪವೆಂದು ಗುರುತಿಸುವಷ್ಟು ಗಣಿತ ಪೌರರಿಗೆ ತಿಳಿದಿರಬೇಕು.

ಆದುದರಿಂದ ಯಾವುದೇ ಹೊಸ ನಾಣ್ಯದ ಪ್ರಶಂಸೆಯನ್ನು ಕೇಳಿದಾಗ ನಮ್ಮ ವಿದ್ಯಾರ್ಥಿಮಿತ್ರರು ಬೆಲೆಯ ಏರಿಳಿತವನ್ನು ಬದಿಗಿರಿಸಿ ಮೂರು ಪ್ರಶ್ನೆಗಳನ್ನು ಕೇಳಲಿ. ಇದರಲ್ಲಿ ಹೊಸ ಹಣವನ್ನು ಬರೆಯುವವರು ಎಷ್ಟು ಮಂದಿ, ಯಾವ ನಿಯಮದಂತೆ? ಒಂದು ವ್ಯವಹಾರವನ್ನು ತಡೆಯಲು ಎಷ್ಟು ಮಂದಿ ಕೂಡಿದರೆ ಸಾಕು? ಅದನ್ನು ನೋಡಬಲ್ಲವರು ಯಾರು? ‘ವಿಕೇಂದ್ರೀಕೃತ’ ಎಂಬ ವಿಶೇಷಣವನ್ನು ಭೌತವಿಜ್ಞಾನದವರು ‘ಬಿಸಿ’ ಎಂಬ ಮಾತನ್ನು ಕಾಣುವಂತೆ ಕಾಣಬೇಕು: ಎಷ್ಟು ಎಂದು ಅಳೆಯುವವರೆಗೆ ಅದಕ್ಕೆ ಅರ್ಥವಿಲ್ಲ. ಉತ್ತರವು ‘ಒಬ್ಬ’ ಎಂದೋ ‘ಮೂವರು’ ಎಂದೋ ಬಂದರೆ, ಪ್ರಚಾರಪತ್ರದಲ್ಲಿ ಏನೇ ಬರೆದಿರಲಿ, ಅದು ಹಳೆಯ ಪುಸ್ತಕವೇ. ಮತ್ತು ಇಂದು ಬಂದ ಉತ್ತರ ನಾಳೆಯೂ ನಿಲ್ಲುವುದೆಂಬ ಭರವಸೆಯಿಲ್ಲ. 2014ರಲ್ಲಿ ಕಂಡಂತೆ ಅದು ತಿಂಗಳುಗಳಲ್ಲಿ ಬದಲಾಗಬಹುದು. ಉಷ್ಣತೆಯನ್ನು ಅಳೆದಂತೆ ಅಧಿಕಾರದ ಹಂಚಿಕೆಯನ್ನೂ ಮತ್ತೆ ಮತ್ತೆ ಅಳೆಯುತ್ತಿರಬೇಕಾಗುವುದು. ಆ ಅಳತೆಗೆ ಬೇಕಾದ ಶೇಷಗಣಿತ, ಶ್ರೇಢಿ, ಸಂಭವನೀಯತೆಗಳೆಲ್ಲ ಕಾಲೇಜಿನ ಪಾಠಗಳಿಗೆ ಹೊರತಾದವಲ್ಲ. 33ರ ಸಹಿಯನ್ನು ಮಾಡಿ ನೋಡಿದವರು 35ನ್ನೋ 55ನ್ನೋ ತೆಗೆದುಕೊಂಡು ಸ್ವತಃ ಗುಟ್ಟಿನ ಘಾತವನ್ನು ಹುಡುಕಲು ತೊಡಗಲಿ. ಒಂದು ಸಂಜೆಯ ಕೆಲಸವದು.